ತಪ್ಪಿನ ಪಾಲು

2024ರ ಮಳೆಗಾಲದ ಒಂದು ರಾತ್ರಿ. ಊಟ ಮುಗಿಸಿ ಪಾತ್ರೆ ತೊಳೀತಾ ಇದ್ದೆ. ಊರಿಂದ ಅಕ್ಕನ ಮಗಳ ಫೋನ್ ಬಂತು.

"ಮಾಮಾ, ಸಿಇಟಿ ಆಪ್ಶನ್ ಎಂಟ್ರಿ ಸುರು ಆಗೇತಿ. ಪಪ್ಪಾ ಕಂಪ್ಯೂಟರ್ ಸೈನ್ಸ್ ಹಾಕು ಅಂತಾರ. ಅವ್ವನೂ ಅದನ್ನ ಅಂತಾಳ. ನನಗ ಹಾರ್ಟಿಕಲ್ಚರ್ ಓದಬೇಕಂತ ಐತಿ. ನೀ ಏನ್ ಹೇಳ್ತಿ ಅದನ್ನ ಹಾಕ್ತೀನಿ."

ಕೊನೆಯ ಮಾತು ಕೇಳಿ ಕೈಯಲ್ಲಿದ್ದ ತಟ್ಟೆಯನ್ನು ಸಿಂಕಿನಲ್ಲೇ ಬಿಟ್ಟೆ. ನಾಳೆ ಹೇಳ್ತೀನಿ ಅಂತ ಫೋನ್ ಇಟ್ಟೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ನೌಕರಿ ಮಾಡ್ತಿರೋ ನಮ್ಮಂಥವರಿಗೆಲ್ಲ ಪ್ರತಿವರ್ಷ ಮೇ ಬಂತಂದ್ರೆ ಇಂಥ ಫೋನುಗಳು ಸುರುವಾಗ್ತವೆ. ಚಿಕ್ಕಪ್ಪನ ಮಗ, ಪಕ್ಕದ ಮನೆಯವರ ಮಗಳು, ಕಲಿಸಿದ ಮಾಸ್ತರರ ಮೊಮ್ಮಗ. ಸೈನ್ಸೋ ಕಾಮರ್ಸೋ, ಸಿಎಸ್ಸೋ ಇ ಅಂಡ್ ಸಿ ನೋ, ನೀಟ್ ಇನ್ನೊಂದು ವರ್ಷ ಬರೀಲೋ ಬೇಡವೋ. ಹತ್ತು ನಿಮಿಷ ಮಾತಾಡಿ ಒಂದು ಸಲಹೆ ಕೊಟ್ಟು ನಾವು ಮತ್ತೆ ಲ್ಯಾಪ್‌ಟಾಪ್ ತೆಗೀತೀವಿ. ಆ ಹತ್ತು ನಿಮಿಷ ಆ ಹುಡುಗ ಹುಡುಗಿಯರ ಬದುಕಿನಲ್ಲಿ ಏನಾಯ್ತು ಅಂತ ತಿರುಗಿ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಕೇಳಿಲ್ಲ.

ನನ್ನ ಹತ್ತಿರ ಎರಡು ಸಿದ್ಧ ಉತ್ತರಗಳಿದ್ದವು. ಮೊದಲನೆಯದು, "ನಿನಗೆ ಯಾವುದು ಇಷ್ಟವೋ ಅದನ್ನು ಓದು." ಕೇಳೋಕೆ ಚೆಂದ, ಹೇಳಿದವನೂ ದೊಡ್ಡ ಮನುಷ್ಯನಂತೆ ಕಾಣ್ತಾನೆ. ಎರಡನೆಯದು, "ಸುಮ್ನೆ ಸಿಎಸ್ ತಗೋ, ಆಮೇಲೆ ಏನು ಬೇಕಾದ್ರೂ ಮಾಡ್ಕೋ." ಇದನ್ನು ಹೇಳಿದವನು ಅನುಭವಸ್ಥನಂತೆ ಕಾಣ್ತಾನೆ. ಒಂದಕ್ಕೊಂದು ವಿರುದ್ಧ ಅನ್ನಿಸಿದರೂ ಎರಡಕ್ಕೂ ಒಂದು ಹೋಲಿಕೆ ಇದೆ. ಎರಡರಲ್ಲೂ ಹೇಳಿದವನ ಜೇಬಿನಿಂದ ಒಂದು ಪೈಸೆಯೂ ಹೋಗೋದಿಲ್ಲ.

ಮೊದಲು ನನ್ನ ಕತೆ ಹೇಳಿಬಿಡ್ತೀನಿ. ಅದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರಿಸೋ ಹಕ್ಕು ನನಗಿಲ್ಲ.

ನಮ್ಮೂರು ನಿಡಗುಂದಿಯ ಹತ್ತಿರ. ವಿಜಯಪುರದಿಂದ ಹೊಸಪೇಟೆ ಕಡೆ ಹೋಗೋ ಹೆದ್ದಾರಿಯಲ್ಲಿ ಕೃಷ್ಣೆಯನ್ನು ದಾಟೋ ಮೊದಲು ಸಿಗೋ ಊರು ನಿಡಗುಂದಿ. ಈಗ ತಾಲೂಕು ಕೇಂದ್ರ, ನಾವು ಶಾಲೆ ಕಲಿಯುವಾಗ ಬಸವನ ಬಾಗೇವಾಡಿ ತಾಲೂಕಿಗೆ ಸೇರಿತ್ತು. ಪಕ್ಕದಲ್ಲೇ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಮುಗಿಯೋ ಹೊತ್ತಿಗೆ ಒಂದು ತಲೆಮಾರು ದಾಟಿತ್ತು. ಇವತ್ತು 519.6 ಮೀಟರ್ ಮಟ್ಟಕ್ಕೆ ಸುಮಾರು 123 ಟಿಎಂಸಿ ನೀರು ನಿಲ್ತದೆ. ಆ ನೀರಿನ ಕೆಳಗೆ ನಮ್ಮಪ್ಪನ ನಾಲ್ಕು ಎಕರೆ ಹೊಳಿದಂಡಿ ಹೊಲವೂ ಇದೆ. ಬಂದ ಪರಿಹಾರದ ದುಡ್ಡಿನಲ್ಲಿ ಸ್ವಲ್ಪ ಮನೆಗೆ ಹೋಯ್ತು, ಸ್ವಲ್ಪ ಸಾಲಕ್ಕೆ ಹೋಯ್ತು. ಉಳಿದದ್ದನ್ನು ಅಪ್ಪ ಬ್ಯಾಂಕಿನಲ್ಲಿಟ್ಟು, "ಇದು ಹುಡುಗರ ಓದಿಗೆ" ಅಂದಿದ್ದ.

ಹುಡುಗರು ಅಂದ್ರೆ ಇಬ್ಬರು, ಅಕ್ಕ ಮತ್ತು ನಾನು. ಅಕ್ಕ 2003ರಲ್ಲಿ ಪಿಯುಸಿ ಪಾಸಾದಳು. ಡಿ.ಎಡ್ ಮಾಡಿ ಕನ್ನಡ ಶಾಲೆ ಟೀಚರ್ ಆಗಬೇಕು ಅಂತ ಅವಳ ಆಸೆ. ಅಪ್ಪ ಲೆಕ್ಕ ಹಾಕಿದ. ಇರೋ ದುಡ್ಡಿನಲ್ಲಿ ಒಬ್ಬರಿಗೆ ಆಗ್ತದೆ, ಇಬ್ಬರಿಗೆ ಆಗೋದಿಲ್ಲ. ಅವತ್ತು ಮನೆಯಲ್ಲಿ ಜಗಳ ಏನೂ ಆಗಲಿಲ್ಲ. ಅಕ್ಕ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. 2005ರಲ್ಲಿ ಅವಳ ಮದುವೆ ಆಯ್ತು. 2006ರಲ್ಲಿ ನಾನು ಸಿಇಟಿ ಕೌನ್ಸೆಲಿಂಗಿಗೆ ಅಂತ ಬೆಂಗಳೂರು ಬಸ್ಸು ಹತ್ತುವಾಗ ಅವಳು ಬಾಣಂತಿಯಾಗಿ ತವರಿನಲ್ಲೇ ಇದ್ದಳು. ಈಗ ಫೋನ್ ಮಾಡಿದ ಹುಡುಗಿ ಆಗ ತೊಟ್ಟಿಲಲ್ಲಿದ್ದಳು.

ಆಗಿನ ಕೌನ್ಸೆಲಿಂಗ್ ಈಗಿನ ಹಾಗೆ ಮೊಬೈಲಿನಲ್ಲಿ ಮುಗಿಯುವಂಥದ್ದಲ್ಲ. ಇಲಕಲ್ಲು, ಹೊಸಪೇಟೆ, ಚಿತ್ರದುರ್ಗ ದಾಟಿ ಇಡೀ ರಾತ್ರಿ ಪ್ರಯಾಣ. ಅಪ್ಪನ ತೊಡೆಯ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ಚೀಲ, ಅದರಲ್ಲಿ ನನ್ನ ಅಷ್ಟೂ ಸರ್ಟಿಫಿಕೇಟು. ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮ ಶೇ. 5 ಅಂತ ಮಾಸ್ತರರು ಬಾಯಿಪಾಠ ಮಾಡಿಸಿ ಕಳಿಸಿದ್ದರು. ನನ್ನ ಮನಸ್ಸಿನಲ್ಲಿದ್ದದ್ದು ಸಿವಿಲ್. ಯಾಕಂದ್ರೆ ನಮ್ಮ ಕಡೆ ಹುಡುಗರಿಗೆ ಇಂಜಿನಿಯರ್ ಅಂದ್ರೆ ಆಲಮಟ್ಟಿ ಕಾಲೊನಿಯಿಂದ ಜೀಪಿನಲ್ಲಿ ಬರೋ ಸಾಹೇಬರು. ಬೇರೆ ಥರದ ಇಂಜಿನಿಯರನ್ನು ನಾನು ಕಂಡೇ ಇರಲಿಲ್ಲ.

ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಒಬ್ಬ ಅಪರಿಚಿತರು ಅಪ್ಪನ ಜೊತೆ ಮಾತಿಗಿಳಿದರು. "ಸಿವಿಲ್ ಯಾಕ್ರೀ? ಕಂಪ್ಯೂಟರ್ ಕೊಡ್ಸಿ, ಬೆಂಗಳೂರಿನಲ್ಲಿ ಎಲ್ಲಾ ಅದೇ." ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ಹೂಂ ಅಂದೆ. ನನ್ನ ಇಡೀ ವೃತ್ತಿ, ಈ ಮನೆ, ಈ ಇಎಂಐ, ಎಲ್ಲ ಆ ಒಂದು ಹೂಂನಿಂದ ಬಂದದ್ದು. ಆ ಮನುಷ್ಯರ ಹೆಸರು ಕೂಡ ನನಗೆ ಗೊತ್ತಿಲ್ಲ.

ಅವರು ನನಗೆ ಒಳ್ಳೆಯದನ್ನೇ ಮಾಡಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಮೂರನೇ ವರ್ಷದಲ್ಲಿದ್ದಾಗ ಜಗತ್ತಿನಲ್ಲಿ ಆರ್ಥಿಕ ಕುಸಿತ ಬಂತು. ಸೀನಿಯರ್‌ಗಳು ಆಫರ್ ಲೆಟರ್ ಹಿಡಿದುಕೊಂಡು ತಿಂಗಳುಗಟ್ಟಲೆ ಕೂತರು. ನನ್ನ ಸರದಿ ಬರೋ ಹೊತ್ತಿಗೆ ಗಾಳಿ ತಿರುಗಿತ್ತು, ನೌಕರಿ ಸಿಕ್ಕಿತು. ಒಂದು ವರ್ಷ ಹಿಂದೆ ಮುಂದೆ ಆಗಿದ್ದರೆ? ಆ ಅಪರಿಚಿತರನ್ನು ನಾವು ಎಲ್ಲಿ ಹುಡುಕಬೇಕಿತ್ತು? ಅವರ ಸಲಹೆ ಸರಿಯಾಗಿದ್ದು ನಮ್ಮ ಪುಣ್ಯ. ತಪ್ಪಾಗಿದ್ದರೆ ಅದು ನಮ್ಮದೇ ಪಾಪ.

ಇಲ್ಲಿಗೆ ನನ್ನ ಹಾಸ್ಟೆಲಿನ ಇನ್ನೊಂದು ಕತೆ ಸೇರಿಸಬೇಕು. ಎರಡನೇ ಸೆಮಿಸ್ಟರಿನಲ್ಲಿ ನನಗೆ ಎರಡು ವಿಷಯ ಬ್ಯಾಕ್ ಆದವು. ಮನೆಯಲ್ಲಿ ಹೇಳಲಿಲ್ಲ. ಹೇಳೋ ಧೈರ್ಯವೇ ಬರಲಿಲ್ಲ. ಮುಳುಗಿದ ಹೊಲ, ಅಕ್ಕನ ಬಿಟ್ಟುಹೋದ ಓದು, ಎರಡೂ ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಕೂತಿದ್ದವು. ಅದೇ ವರ್ಷ ನನ್ನ ರೂಮಿನಲ್ಲಿದ್ದ ಬೆಂಗಳೂರಿನ ಹುಡುಗ ಮೆಕ್ಯಾನಿಕಲ್ ನನಗೆ ಒಗ್ಗಲ್ಲ ಅಂತ ಕಾಲೇಜು ಬಿಟ್ಟು ಹೋದ. ಕರೆದುಕೊಂಡು ಹೋಗಲು ಬಂದ ಅವನಪ್ಪ ಟ್ರಂಕು ಕಾರಿಗಿಡುತ್ತಾ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಒಂದು ವರ್ಷ ಹೋಯ್ತು, ಹೋಗ್ಲಿ ಬಿಡು."

ಹೋಗ್ಲಿ ಬಿಡು! ನನಗೆ ಅದು ಬೇರೆ ಯಾವುದೋ ದೇಶದ ಭಾಷೆಯಂತೆ ಕೇಳಿಸಿತು. ಅವನಿಗೂ ನನಗೂ ಬುದ್ಧಿಯಲ್ಲಿ ದೊಡ್ಡ ಅಂತರ ಇರಲಿಲ್ಲ. ಆಸಕ್ತಿಯ ಬಗ್ಗೆ ಇಬ್ಬರಿಗೂ ಸ್ಪಷ್ಟತೆ ಇರಲಿಲ್ಲ. ಹದಿನೇಳು ಹದಿನೆಂಟರಲ್ಲಿ ಯಾರಿಗೆ ಇರ್ತದೆ? ಅಂತರ ಇದ್ದದ್ದು ಒಂದೇ ಕಡೆ. ಅವನಿಗೆ ತಪ್ಪು ಮಾಡೋ ಅವಕಾಶ ಇತ್ತು, ನನಗೆ ಇರಲಿಲ್ಲ. ಅವನ ತಪ್ಪಿನ ಬೆಲೆ ಒಂದು ವರ್ಷ. ನನ್ನ ತಪ್ಪಿನ ಬೆಲೆ ನಾಲ್ಕು ಎಕರೆ ಮತ್ತು ಒಬ್ಬ ಅಕ್ಕ.

"ಇಷ್ಟವಾದದ್ದನ್ನು ಓದು" ಅನ್ನೋ ಮಾತು ನನ್ನ ಬಾಯಲ್ಲಿ ಬರದೇ ಇರೋದು ಇದಕ್ಕೆ. ಇಷ್ಟ ಕೆಟ್ಟದ್ದು ಅಂತಲ್ಲ. ಆದರೆ ಹದಿನೇಳರ ಇಷ್ಟ ಕಂಡದ್ದರ ಒಳಗಿಂದ ಹುಟ್ಟುತ್ತದೆ, ನನ್ನ ಸಿವಿಲ್ ಜೀಪಿನಿಂದ ಹುಟ್ಟಿದ ಹಾಗೆ. ಕಂಡದ್ದು ಕಡಿಮೆಯಿದ್ದಷ್ಟೂ ಇಷ್ಟ ತಪ್ಪಾಗೋ ಸಾಧ್ಯತೆ ಹೆಚ್ಚು. ಅಂದರೆ ಹೆಚ್ಚು ತಪ್ಪು ಮಾಡಿ ಕಲಿಯಬೇಕಾದವರು ಯಾರೋ, ತಪ್ಪಿಗೆ ಜಾಗವೇ ಇಲ್ಲದವರೂ ಅವರೇ. ಅಂಥ ಹುಡುಗಿಗೆ "ಧೈರ್ಯ ಮಾಡು" ಅನ್ನೋದು ಈಜು ಬಾರದವಳನ್ನು ಹಿನ್ನೀರಿನ ದಂಡೆಯಲ್ಲಿ ನಿಲ್ಲಿಸಿ ಚಪ್ಪಾಳೆ ತಟ್ಟಿದ ಹಾಗೆ.

ಹಾಗಂತ "ಸಿಎಸ್ ತಗೋ" ಅನ್ನಲೂ ಮನಸ್ಸು ಒಪ್ಪಲಿಲ್ಲ. ಆ ಸಲಹೆಯ ಹಿಂದೆ ಇರೋದು ನನ್ನ ಒಬ್ಬನ ಬದುಕು, ಅದೂ 2006ರದ್ದು. ನಾಲ್ಕು ವರ್ಷ ಬಿಟ್ಟು ಯಾವ ಕೋಡನ್ನು ಮನುಷ್ಯ ಬರೀತಾನೆ, ಯಾವುದನ್ನು ಯಂತ್ರ ಬರೀತದೆ ಅಂತ ನನ್ನ ಆಫೀಸಿನಲ್ಲೇ ಯಾರಿಗೂ ಖಾತ್ರಿಯಿಲ್ಲ. ಸ್ವತಃ ನಾನೇ ಹತ್ತು ವರ್ಷದ ಮುಂದಿನ ನನ್ನ ನೌಕರಿ ಬಗ್ಗೆ ಭರವಸೆ ಕೊಡಲಾರೆ, ಅವಳ ನೌಕರಿಯ ಬಗ್ಗೆ ಹೇಗೆ ಕೊಡಲಿ?

ಇಂಥ ಹೊತ್ತಿನಲ್ಲಿ ನಾವು ದೊಡ್ಡವರ ಉದಾಹರಣೆ ಕೊಡ್ತೀವಿ. ನಮ್ಮ ವಿಜಯಪುರದಲ್ಲೇ ಫ.ಗು. ಹಳಕಟ್ಟಿ ಇದ್ದರು. ಓದಿದ್ದು ಕಾನೂನು, ಮಾಡಿದ್ದು ವಕೀಲಿ. ಆದರೆ ಅವರನ್ನು ನಾಡು ನೆನೆಯೋದು ಮನೆ ಮನೆ ಅಲೆದು ತಾಳೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದ್ದಕ್ಕೆ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಪದವಿಗೆ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ನೋಡು, ಓದು ಒಂದು ಬದುಕು ಇನ್ನೊಂದು, ಯಾವುದನ್ನು ತಗೊಂಡ್ರೂ ನಡೀತದೆ ಅಂತ ಸಮಾಧಾನ ಹೇಳ್ತೀವಿ. ಆ ಮಾತು ಸುಳ್ಳಲ್ಲ. ಆದರೆ ದಾರಿ ಬದಲಿಸಿ ಗೆದ್ದವರ ಹೆಸರು ಮಾತ್ರ ನಮಗೆ ಗೊತ್ತಾಗ್ತದೆ. ದಾರಿ ಬದಲಿಸಲಾಗದೆ ನಿಂತವರಿಗೆ ಪುಸ್ತಕದಲ್ಲಿ ಹೆಸರಿಲ್ಲ. ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ, ರೊಟ್ಟಿ ಬಡೀತಾ.

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಓದುಗರಲ್ಲಿ ಅರ್ಧ ಮಂದಿಗೆ ಗೊತ್ತಿರೋದೇ. ಪ್ರೊಡಕ್ಷನ್‌ಗೆ ಯಾವುದೇ ಬದಲಾವಣೆ ಹೋಗಬೇಕಾದರೆ ರೋಲ್‌ಬ್ಯಾಕ್ ಪ್ಲಾನ್ ಬರೆದಿರಬೇಕು. ಇದು ಕೆಟ್ಟರೆ ಹಿಂದಿನ ಸ್ಥಿತಿಗೆ ಹೇಗೆ ಬರ್ತೀವಿ, ಯಾರು ಎದ್ದು ಕೂತು ಸರಿಮಾಡ್ತಾರೆ. ಇದಿಲ್ಲದೆ ಹೋದರೆ ಹತ್ತು ಸಾಲಿನ ಕೋಡಿಗೂ ಅನುಮತಿ ಸಿಗೋದಿಲ್ಲ. ಹದಿನೇಳರ ಮಗುವಿನ ನಾಲ್ಕು ವರ್ಷಕ್ಕೆ ಮಾತ್ರ ಯಾವ ರೋಲ್‌ಬ್ಯಾಕ್ ಪ್ಲಾನನ್ನೂ ನಾವು ಕೇಳೋದಿಲ್ಲ. ಬದಲಿಗೆ "ಸರಿಯಾಗಿ ಯೋಚಿಸಿ ಹಾಕು" ಅಂತೀವಿ. ಸರಿಯಾಗಿ ಯೋಚಿಸಿದ ಕೋಡೂ ಕೆಡ್ತದೆ ಅಂತ ನಮಗೆ ಗೊತ್ತಿದ್ದೂ.

ಬೇರೆ ಕಡೆಯವರು ಈ ಸಮಸ್ಯೆಯನ್ನು ವ್ಯವಸ್ಥೆಯೊಳಗೇ ಬಿಡಿಸೋ ಪ್ರಯತ್ನ ಮಾಡಿದ್ದಾರೆ. ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಮೊದಲ ಎರಡು ವರ್ಷ ಅದೂ ಇದೂ ಓದಿ ಆಮೇಲೆ ಮುಖ್ಯ ವಿಷಯ ಹೇಳಬಹುದು. ನಮ್ಮಲ್ಲೂ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ ಅಂತ ನಡುವೆ ಇಳಿಯೋ ಮೆಟ್ಟಿಲು ಇಟ್ಟಿತ್ತು. ಕರ್ನಾಟಕ 2021ರಲ್ಲಿ ಅದನ್ನು ಜಾರಿಗೆ ತಂದು 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸರಕಾರಗಳಿಗಾದರೂ ಮನಸ್ಸು ಬದಲಿಸೋ ಅವಕಾಶ ಇದೆ! ನಮ್ಮ ಸಿಇಟಿಯಲ್ಲೂ ಸೀಟು ಹಂಚಿಕೆ ಆದ ಮೇಲೆ ನಾಲ್ಕು ಆಯ್ಕೆ ಇರ್ತವೆ. ಅವುಗಳಲ್ಲಿ ಎರಡನೆಯದು ನನಗೆ ಬಹಳ ಇಷ್ಟ. ಸಿಕ್ಕಿದ್ದನ್ನು ಒಪ್ಪಿಕೊಂಡಿದ್ದೀನಿ, ಆದರೂ ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಗ್ತದಾ ನೋಡ್ತೀನಿ ಅನ್ನೋದು. ಕಂಪ್ಯೂಟರು ಕೂಡ ಮಗುವಿನ ಅನುಮಾನಕ್ಕೆ ಒಂದು ಕಾಲಂ ಇಟ್ಟಿದೆ. ಮನೆಯಲ್ಲಿ ಆ ಕಾಲಂ ಇಲ್ಲ.

ಮುಂದಿನ ಶನಿವಾರ ಊರಿಗೆ ಹೋದೆ. ಇದನ್ನು ಫೋನಿನಲ್ಲಿ ಮುಗಿಸಬಾರದು ಅನ್ನಿಸಿತ್ತು.

ಹುಡುಗಿಗೆ ಮೊದಲು ಕೇಳಿದ್ದು, ಹಾರ್ಟಿಕಲ್ಚರ್ ಯಾಕೆ ಅಂತ. ಅವಳು ನನ್ನನ್ನು ಹಿತ್ತಲಾಚೆ ಕರೆದುಕೊಂಡು ಹೋಗಿ ಖಾಲಿ ಹೊಲ ತೋರಿಸಿದಳು. ಅಲ್ಲಿ ಭಾವ ಎರಡು ಎಕರೆ ದಾಳಿಂಬೆ ಹಚ್ಚಿದ್ದ. ದುಂಡಾಣು ಅಂಗಮಾರಿ ರೋಗ ಬಂತು. ಎಲೆ ಮೇಲೆ ಎಣ್ಣೆ ಬಿದ್ದಂಥ ಕಲೆ, ಆಮೇಲೆ ಕಾಯಿಯ ಮೇಲೆ ಕಪ್ಪು ಚುಕ್ಕಿ, ಆಮೇಲೆ ಕಾಯಿ ಸೀಳೋದು. ಮಳೆಹನಿ ಸಿಡಿದಷ್ಟು ದೂರ ರೋಗ ಹರಡ್ತದೆ. ನಮ್ಮ ಜಿಲ್ಲೆಯಲ್ಲೂ ಬಾಗಲಕೋಟೆಯಲ್ಲೂ ಎಷ್ಟೋ ತೋಟ ಅದರಿಂದ ಹೋಗಿವೆ. ಅವಳು ಏಳನೇ ಇಯತ್ತೆಯಲ್ಲಿದ್ದಾಗ ಗಿಡ ಕಿತ್ತು ಹಾಕಿದರು.

"ಗಿಡ ಕೀಳೋ ಮುಂದ ಪಪ್ಪಾ ಅತ್ತಿದ್ದ ಮಾಮಾ. ಔಷಧ ಅಂಗಡಿಯಾಂವ ಒಂದ್ ಹೇಳ್ತಿದ್ದ, ಬಾಜು ಹೊಲದಾಂವ ಒಂದ್ ಹೇಳ್ತಿದ್ದ. ಖರೇ ಗೊತ್ತಿದ್ದಾಂವ ಒಬ್ಬನೂ ಇರಲಿಲ್ಲ."

ಹೊಳೆಯ ಆಚೆ, ಬಾಗಲಕೋಟೆಯಲ್ಲಿ, 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ನಾಲ್ಕು ವರ್ಷದ ಬಿ.ಎಸ್ಸಿ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಅದನ್ನೂ ಅವಳು ಬರೆದು ಬಂದಿದ್ದಳು. ನನ್ನ ಜೀಪಿಗಿಂತ ಅವಳ ದಾಳಿಂಬೆಗೆ ಬೇರು ಆಳವಾಗಿದೆ ಅನ್ನಿಸಿತು. ಆದರೂ ಅದು ಹದಿನೆಂಟರ ಇಷ್ಟ. ನಾಲ್ಕು ವರ್ಷ ಓದಿದ ಮೇಲೆ ಎಷ್ಟು ಮಂದಿಗೆ ನೌಕರಿ ಆಗ್ತದೆ, ಎಷ್ಟು ಮಂದಿ ಇಲಾಖೆಯ ಪರೀಕ್ಷೆ ಬರೀತಾ ಬ್ಯಾಂಕಿನ ಪರೀಕ್ಷೆ ಬರೀತಾ ಕೂತಿರ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ. ಸೋಮವಾರ ಬಾಗಲಕೋಟೆಗೆ ಹೋಗಿ ಕೊನೆಯ ವರ್ಷದವರ ಹತ್ತಿರ ಮಾತಾಡಿ ಬಾ, ಹಾಗೇ ಸಿಎಸ್ ಓದ್ತಿರೋ ಇಬ್ಬರ ಹತ್ತಿರ ದಿನವಿಡೀ ಏನು ಮಾಡ್ತೀರಿ ಅಂತ ಕೇಳು ಅಂದೆ. ಅವಳು ಎರಡನ್ನೂ ಮಾಡಿದಳು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಳು.

ಕಷ್ಟವಾದದ್ದು ಅಕ್ಕನ ಜೊತೆಗಿನ ಮಾತು. ಅಕ್ಕ ಮಗಳ ಪರ ಇರ್ತಾಳೆ ಅಂತ ನಾನು ಅಂದುಕೊಂಡಿದ್ದೆ. ತಾನು ಬಿಟ್ಟದ್ದನ್ನು ಮಗಳು ಬಿಡಬಾರದು ಅಂತಾಳೆ ಅಂದುಕೊಂಡಿದ್ದೆ. ಅವಳು ಒಲೆಯ ಮುಂದೆ ಕೂತು ತಣ್ಣಗೆ ಹೇಳಿದಳು.

"ಆಸಿ ಅನ್ನೋದು ಹೊಟ್ಟಿ ತುಂಬಿದವರ ಮಾತು ತಮ್ಮಾ. ನಾ ಬಿಟ್ಟಿದ್ದಕ್ಕ ನಿನಗೊಂದು ನೌಕರಿ ಬಂತು. ನನ್ನ ಮಗಳಿಗೂ ಅಂಥಾದ್ದೊಂದು ಬರಲಿ. ಅಕಿ ನಾಳೆ ಯಾರ ಮುಂದೂ ಕೈ ಒಡ್ಡಬಾರದು, ಅಷ್ಟ. ನೀ ನನಗ ಏನರ ಕೊಡೋದೈತಿ ಅಂದ್ರ ಇದನ್ನ ಕೊಡು."

ಹದಿನೆಂಟು ವರ್ಷದಲ್ಲಿ ಅವಳು ಆ ಸಾಲದ ಮಾತು ಎತ್ತಿದ್ದು ಅದೇ ಮೊದಲು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮಾತಿನಲ್ಲಿ ತಪ್ಪು ಹುಡುಕೋದೂ ಸುಲಭವಲ್ಲ. ಸ್ವಾತಂತ್ರ್ಯ ದೊಡ್ಡದು ಅಂತ ಸಂಬಳದವನು ಸಂಬಳವಿಲ್ಲದವಳಿಗೆ ಪಾಠ ಹೇಳಬಾರದು.

ಸಂಜೆ ಹೆದ್ದಾರಿ ಕಡೆ ನಡೆದುಕೊಂಡು ಹೋದೆ. ನಿಡಗುಂದಿ ಇರೋ ಜಾಗ ವಿಚಿತ್ರ. ಒಂದು ಕಡೆ ಬಾಗೇವಾಡಿ, ಬಸವಣ್ಣನ ಊರು. ಇನ್ನೊಂದು ಕಡೆ ಹೊಳೆ ದಾಟಿದರೆ ಕೂಡಲಸಂಗಮ, ಅವನು ಓದಿದ ಊರು. ಜನಿವಾರ ಒಲ್ಲೆ ಅಂತ ಮನೆ ಬಿಟ್ಟು ಸಂಗಮಕ್ಕೆ ಹೋದ ಹುಡುಗನ ಕತೆಯನ್ನು ನಾವು ಶಾಲೆಯಲ್ಲಿ ನೂರು ಸಲ ಕೇಳಿದ್ದೀವಿ. ತನ್ನ ದಾರಿ ತಾನೇ ಆರಿಸಿಕೊಂಡವನು ಅಂತ. ಆದರೆ ನಮ್ಮ ಕಡೆ ಹಿರಿಯರು ಹೇಳೋ ಕತೆಯಲ್ಲಿ ಇನ್ನೂ ಇಬ್ಬರಿದ್ದಾರೆ. ತಮ್ಮನ ಬೆನ್ನಿಗೆ ನಿಂತು ಜೊತೆಗೆ ಹೊರಟ ಅಕ್ಕ ನಾಗಮ್ಮ, ಮತ್ತು ಸಂಗಮದಲ್ಲಿ ಆ ಹುಡುಗನಿಗೆ ಜಾಗ ಕೊಟ್ಟ ಗುರು. ಒಬ್ಬಳು ಅಕ್ಕ ಇಲ್ಲದೆ, ಹೋದಲ್ಲಿ ಒಂದು ಸೂರು ಇಲ್ಲದೆ, ಆ ಹುಡುಗನ ಆಯ್ಕೆ ಎಷ್ಟು ದೂರ ನಡೀತಿತ್ತು? ನಾವು ಆಯ್ಕೆಯನ್ನು ಮಾತ್ರ ಹೊಗಳ್ತೀವಿ, ಅದನ್ನು ಹೊತ್ತವರನ್ನು ಮರೀತೀವಿ.

ಹೊಲದ ವ್ಯವಹಾರ ಗೊತ್ತಿದ್ದವರಿಗೆ ಲಾವಣಿಗೂ ಪಾಲಿಗೂ ಇರೋ ವ್ಯತ್ಯಾಸ ಗೊತ್ತು. ಹೊಲವನ್ನು ಲಾವಣಿಗೆ ಹಾಕಿದರೆ ಬೆಳೆ ಬರಲಿ ಬಿಡಲಿ ಮಾಲೀಕನ ದುಡ್ಡು ಮಾಲೀಕನಿಗೆ. ಮಳೆ ಕೈಕೊಟ್ಟರೆ ಸಾಯೋನು ಮಾಡಿದವನು. ಪಾಲಿಗೆ ಹಾಕಿದರೆ ಹಾಗಲ್ಲ. ಬಂದರೆ ಇಬ್ಬರಿಗೂ ಬಂತು, ಹೋದರೆ ಇಬ್ಬರಿಗೂ ಹೋಯ್ತು. ನಮ್ಮ ಸಲಹೆಗಳೆಲ್ಲ ಲಾವಣಿ ವ್ಯವಹಾರ. ಹುಡುಗ ಗೆದ್ದರೆ "ನಾನೇ ಹೇಳಿದ್ದು" ಅಂತೀವಿ. ಸೋತರೆ ಫೋನ್ ಎತ್ತೋದು ಕಡಿಮೆ ಮಾಡ್ತೀವಿ. ನನ್ನಿಂದ ಅವಳಿಗೆ ಬೇಕಾದದ್ದು ಸಲಹೆ ಆಗಿರಲಿಲ್ಲ. ಅವಳ ಆಯ್ಕೆ ಕೆಟ್ಟರೆ ಆ ಕೇಡಿನಲ್ಲಿ ಒಂದು ಪಾಲು.

ಇಲ್ಲೊಂದು ಆಕ್ಷೇಪಣೆ ಬರ್ತದೆ, ಬರಬೇಕು ಕೂಡ. ಬೆಲೆ ಹೊರೋರಿಗೆ ಮಾತಾಡೋ ಹಕ್ಕು ಅಂದ್ರೆ ಎಲ್ಲ ಅಪ್ಪಂದಿರು ಹೇಳೋದೂ ಅದನ್ನೇ ಅಲ್ಲವಾ? ದುಡ್ಡು ನಂದು, ಹೇಳಿದ್ದು ಓದು. ಈ ಮಾತಿನಲ್ಲಿ ಲೆಕ್ಕ ತಪ್ಪಿದೆ. ಅಪ್ಪ ಹಾಕೋದು ದುಡ್ಡು, ಮಾಮಾ ಹಾಕೋದು ದುಡ್ಡು. ಹುಡುಗಿ ಹಾಕೋದು ತನ್ನ ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ವರ್ಷಗಳನ್ನು. ದುಡ್ಡು ಮತ್ತೆ ಹುಟ್ತದೆ. ಆ ವರ್ಷಗಳು ಯಾರಿಗೂ ತಿರುಗಿ ಬರೋದಿಲ್ಲ, ಅಕ್ಕನಿಗೆ ಬರಲಿಲ್ಲ. ಹಾಗಾಗಿ ದೊಡ್ಡ ಪಾಲು ಯಾವತ್ತೂ ಓದೋರದ್ದು. ಉಳಿದವರದ್ದು ಸಣ್ಣ ಪಾಲು. ಅದಕ್ಕೆ ಕೇಳೋ ಹಕ್ಕಿದೆ, ಎಚ್ಚರಿಸೋ ಹಕ್ಕಿದೆ. ನಿರ್ಧರಿಸೋ ಹಕ್ಕಿಲ್ಲ.

ಭಾನುವಾರ ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ನಾನು ಮೂರು ಮಾತು ಹೇಳಿದೆ. ಒಂದು, ಪಟ್ಟಿಯಲ್ಲಿ ಯಾವುದು ಮೊದಲು ಬರಬೇಕು ಅಂತ ಅವಳೇ ಬರೀಲಿ, ನಾನು ಹೇಳೋದಿಲ್ಲ. ಎರಡು, ಯಾವುದನ್ನೇ ಬರೆದರೂ, ಮೊದಲ ವರ್ಷ ಕಳೆದ ಮೇಲೆ ಇದು ನನಗಲ್ಲ ಅನ್ನಿಸಿದರೆ ಬಿಟ್ಟು ಬರಬಹುದು, ಹೊಸ ಕೋರ್ಸಿನ ಖರ್ಚು ನನ್ನದು. ಓದು ಮುಗಿದು ಎರಡು ವರ್ಷ ನೌಕರಿ ಸಿಗದಿದ್ದರೆ ಆ ಎರಡು ವರ್ಷದ ಖರ್ಚೂ ನನ್ನದು. ಸಿಎಸ್ ಓದಿದರೂ ಇದೇ ಮಾತು. ಮೂರು, ಕೆಟ್ಟರೆ ಈ ಮನೆಯಲ್ಲಿ ಯಾರೂ "ನಾ ಅವಾಗ್ಲೇ ಹೇಳಿರಲಿಲ್ಲಾ?" ಅನ್ನಬಾರದು.

ಭಾವ ತಲೆಯಾಡಿಸಿದ. ದುಡ್ಡಿನ ಮಾತು ಅವನಿಗೆ ಸರಿಯೆನಿಸಿತು. ಅಕ್ಕ ಮೂರನೇ ಮಾತಿಗೆ ಮಾತ್ರ ನನ್ನ ಕಡೆ ನೋಡಿದಳು. "ಅದೊಂದು ಕಷ್ಟ ಐತಿ" ಅಂದಳು. ಯಾರೋ ನಕ್ಕರು. ಅವಳು ನಗಲಿಲ್ಲ.

ಇದು ಎಲ್ಲರಿಂದಲೂ ಆಗೋ ಕೆಲಸವಲ್ಲ ಅಂತ ನನಗೆ ಗೊತ್ತು. ಬಂದ ಎಲ್ಲ ಫೋನಿಗೂ ಒಂದು ವರ್ಷದ ಫೀಸು ಬರೆದುಕೊಡೋ ಸಂಬಳ ಯಾರಿಗೂ ಇಲ್ಲ. ಆದರೆ ಪಾಲು ಅಂದ್ರೆ ದುಡ್ಡೇ ಆಗಬೇಕಿಲ್ಲ. ಬ್ಯಾಕ್ ಉಳಿದಾಗ ಮನೆಗೆ ಹೇಳೋಕೆ ಮುಂಚೆ ಹೇಳಬಹುದಾದ ಒಬ್ಬ ಮನುಷ್ಯ ಆಗೋದು ಒಂದು ಪಾಲು. ನನಗೆ ಎರಡನೇ ಸೆಮಿಸ್ಟರಿನಲ್ಲಿ ಅಂಥವನು ಒಬ್ಬ ಇದ್ದಿದ್ದರೆ ಸಾಕಿತ್ತು. ಬೆಂಗಳೂರಿಗೆ ಇಂಟರ್‌ವ್ಯೂಗೆ ಬಂದಾಗ ತಿಂಗಳು ಇಟ್ಟುಕೊಳ್ಳೋದು ಒಂದು ಪಾಲು. ಕೋರ್ಸು ಬದಲಿಸಬೇಕು ಅಂತ ಅಳೋ ಹುಡುಗನ ಪರವಾಗಿ ಅವನಪ್ಪನ ಹತ್ತಿರ ಬೈಸಿಕೊಳ್ಳೋದು ಒಂದು ಪಾಲು. ಇದ್ಯಾವುದಕ್ಕೂ ನಾನು ತಯಾರಿಲ್ಲ ಅಂದ್ರೆ ಬಾಯಿ ಮುಚ್ಚಿಕೊಂಡು, ಗೊತ್ತಿದ್ದಷ್ಟು ಮಾಹಿತಿ ಕೊಟ್ಟು, "ನಿರ್ಧಾರ ನಿಂದು, ನನಗೆ ಗೊತ್ತಾಗಲ್ಲ" ಅಂತ ಪ್ರಾಮಾಣಿಕವಾಗಿ ಹೇಳಬಹುದು. ಅದೂ ಒಂದು ಉಪಕಾರವೇ.

ಅವಳು ಹಾರ್ಟಿಕಲ್ಚರನ್ನೇ ಮೊದಲು ಬರೆದಳು, ಸಿಎಸ್ ಆಮೇಲೆ. ಬಾಗಲಕೋಟೆಯಲ್ಲೇ ಸೀಟು ಸಿಕ್ಕಿತು. ಈಗ ಹಾಸ್ಟೆಲಿನಲ್ಲಿದ್ದಾಳೆ. ಮಣ್ಣಿನ ಪಾಠ ಇಷ್ಟವಂತೆ, ಸಂಖ್ಯಾಶಾಸ್ತ್ರ ಕಷ್ಟವಂತೆ. ಆಯ್ಕೆ ಸರಿಯಾಯ್ತೋ ತಪ್ಪಾಯ್ತೋ ಗೊತ್ತಾಗೋಕೆ ಇನ್ನೂ ವರ್ಷಗಳು ಬೇಕು. ನನ್ನ ಖಾತೆಯಲ್ಲಿ ಅವಳ ಹೆಸರಿಗೆ ತಿಂಗಳು ತಿಂಗಳು ಸ್ವಲ್ಪ ದುಡ್ಡು ಬೀಳ್ತಿದೆ. ಅದು ಖರ್ಚಾಗದೇ ಉಳಿದರೆ ಒಳ್ಳೆಯದು, ಖರ್ಚಾದರೂ ಸರಿ.

ಅಕ್ಕ ಇನ್ನೂ ಪೂರ್ತಿ ಒಪ್ಪಿಲ್ಲ. ಫೋನಿನಲ್ಲಿ ಮಳೆ, ಅಪ್ಪನ ಮೊಣಕಾಲು, ಜೋಳದ ರೇಟು ಎಲ್ಲ ಮಾತಾಡ್ತಾಳೆ, ಮಗಳ ಓದಿನ ಮಾತು ಬಂದರೆ ಸುಮ್ಮನಾಗ್ತಾಳೆ. ಆದರೆ ಮೊನ್ನೆ ಮೊದಲ ಸೆಮಿಸ್ಟರ್ ಫಲಿತಾಂಶದಲ್ಲಿ ಹುಡುಗಿಗೆ ಒಂದು ವಿಷಯದಲ್ಲಿ ತೀರಾ ಕಡಿಮೆ ಬಂತು. ಅಕ್ಕ ಏನಂದಳು ಅಂತ ಹೆದರಿಕೊಂಡೇ ಕೇಳಿದೆ.

"ಅವ್ವ ಏನೂ ಅನ್ನಲಿಲ್ಲ ಮಾಮಾ," ಅಂದಳು. "ಒಂದ್ ಸಲ ಬಾಯಿ ತಗದ್ಲು, ಮತ್ತ ಮುಚ್ಚಿಕೊಂಡ್ಲು. ಊಟಾ ಮಾಡಿದೇನು ಅಂದ್ಲು."